ಕಡತದಲ್ಲಿದ್ದ ಪೈಪು, ನೆಲದಡಿ ಇದ್ದ ಪೈಪು: ಸ್ಯಾನ್ ಬ್ರೂನೊ ಅನಿಲ ಸ್ಫೋಟದ ಪ್ರಕರಣ ಅಧ್ಯಯನ

2010ರ ಸೆಪ್ಟೆಂಬರ್ 9ರ ಸಂಜೆ 6 ಗಂಟೆ 11 ನಿಮಿಷಕ್ಕೆ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಸ್ಯಾನ್ ಬ್ರೂನೊ ಪಟ್ಟಣದ ಒಂದು ವಸತಿ ಬಡಾವಣೆಯಲ್ಲಿ, ರಸ್ತೆಯ ಅಡಿಯಲ್ಲಿ ಹೂತಿದ್ದ 30 ಅಂಗುಲ ವ್ಯಾಸದ ನೈಸರ್ಗಿಕ ಅನಿಲದ ಪೈಪ್‌ಲೈನ್ ಸಿಡಿಯಿತು. ಅರ್ಲ್ ಅವೆನ್ಯೂ ಮತ್ತು ಗ್ಲೆನ್‌ವ್ಯೂ ಡ್ರೈವ್ ಕೂಡುವ ಜಾಗದಲ್ಲಿ 72 ಅಡಿ ಉದ್ದ, 26 ಅಡಿ ಅಗಲದ ಹೊಂಡ ಬಿದ್ದಿತು. 28 ಅಡಿ ಉದ್ದದ, ಸುಮಾರು 3,000 ಪೌಂಡ್ ತೂಕದ ಪೈಪಿನ ತುಂಡೊಂದು ನೆಲದಿಂದ ಕಿತ್ತು ಬಂದು ನೂರು ಅಡಿ ದೂರಕ್ಕೆ ಹೋಗಿ ಬಿತ್ತು. ಹೊರನುಗ್ಗಿದ ಅನಿಲಕ್ಕೆ ಬೆಂಕಿ ಹತ್ತಿಕೊಂಡು ಎಂಟು ಜನ ಸತ್ತರು, ಹಲವರು ಗಾಯಗೊಂಡರು, 38 ಮನೆಗಳು ಸಂಪೂರ್ಣ ನಾಶವಾದವು, ಇನ್ನೂ 70 ಮನೆಗಳಿಗೆ ಹಾನಿಯಾಯಿತು. ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣ ಅಲ್ಲಿಗೆ ಹತ್ತಿರವಿದ್ದುದರಿಂದ ಮೊದಲು ಧಾವಿಸಿ ಬಂದವರಲ್ಲಿ ಅನೇಕರು ವಿಮಾನವೇ ಬಿದ್ದಿದೆ ಎಂದುಕೊಂಡರು. ತಮ್ಮ ಕಾಲಡಿ ಇಷ್ಟು ದೊಡ್ಡ ಅನಿಲ ಮಾರ್ಗ ಹಾದುಹೋಗಿದೆ ಎಂಬುದು ಪಟ್ಟಣದ ಅಗ್ನಿಶಾಮಕ ದಳದ ಮುಖ್ಯಸ್ಥರಿಗೂ ತಿಳಿದಿರಲಿಲ್ಲ.

ಅಪಘಾತದ ಭೀಕರತೆಯನ್ನು ವರ್ಣಿಸುವುದು ಈ ಬರಹದ ಉದ್ದೇಶವಲ್ಲ. ಆ ಸಂಜೆ ಪೈಪಿನೊಳಗಿನ ಒತ್ತಡ ಕಾನೂನು ಅನುಮತಿಸಿದ ಮಿತಿಯನ್ನು ಮೀರಿರಲಿಲ್ಲ ಎಂಬ ಒಂದು ಅಂಶದಿಂದಲೇ ಈ ಪ್ರಕರಣ ಅಧ್ಯಯನಕ್ಕೆ ಅರ್ಹವಾಗುತ್ತದೆ. ಒಡೆದ ಜಾಗದಲ್ಲಿ ಒತ್ತಡ ಪ್ರತಿ ಚದರ ಅಂಗುಲಕ್ಕೆ ಸುಮಾರು 386 ಪೌಂಡ್ ಇತ್ತು. ಅನುಮತಿಸಿದ ಗರಿಷ್ಠ ಒತ್ತಡ 400 ಪೌಂಡ್. ನಿಯಮ ಪಾಲನೆಯಾಗುತ್ತಿದ್ದಾಗಲೇ ಪೈಪು ಒಡೆದಿದೆ ಎಂದಾದರೆ, ಆ 400 ಎಂಬ ಅಂಕಿ ಎಲ್ಲಿಂದ ಬಂತು ಎಂದು ಕೇಳಲೇಬೇಕಾಗುತ್ತದೆ.

ಲೈನ್ 132 ಎಂದು ಹೆಸರಿಸಲಾಗಿದ್ದ ಈ ಮಾರ್ಗ ಪೆಸಿಫಿಕ್ ಗ್ಯಾಸ್ ಅಂಡ್ ಎಲೆಕ್ಟ್ರಿಕ್ ಕಂಪನಿಯದು. ಮಿಲ್ಪಿಟಾಸ್ ಎಂಬಲ್ಲಿರುವ ಟರ್ಮಿನಲ್‌ನಿಂದ ಹೊರಟು ಉತ್ತರಕ್ಕೆ ಸ್ಯಾನ್ ಫ್ರಾನ್ಸಿಸ್ಕೊ ಕಡೆಗೆ ಅನಿಲ ಸಾಗಿಸುವ ಮೂರು ಮುಖ್ಯ ಮಾರ್ಗಗಳಲ್ಲಿ ಇದೂ ಒಂದು. ಸ್ಯಾನ್ ಬ್ರೂನೊದಲ್ಲಿ ಹೊಸ ಬಡಾವಣೆಗಾಗಿ ನೆಲ ಮಟ್ಟ ಮಾಡುವಾಗ, 1956ರಲ್ಲಿ, ಸುಮಾರು 1,850 ಅಡಿ ಪೈಪನ್ನು ಹಳೆಯ ಜಾಗದಿಂದ ಸರಿಸಿ ಹೊಸದಾಗಿ ಹಾಕಲಾಯಿತು. ಕಂಪನಿಯ ದಾಖಲೆಗಳು ಈ ಭಾಗವನ್ನು 'ಸೀಮ್‌ಲೆಸ್', ಅಂದರೆ ಉದ್ದಕ್ಕೂ ಬೆಸುಗೆಯ ಗೆರೆಯೇ ಇಲ್ಲದ ಪೈಪು ಎಂದು ಗುರುತಿಸಿದ್ದವು. ಸ್ಫೋಟದ ನಂತರ ತನಿಖಾಧಿಕಾರಿಗಳು ಹೊಂಡದಿಂದ ಎತ್ತಿದ್ದು ಅದಲ್ಲ. ಅದು ಉದ್ದಕ್ಕೆ ಬೆಸೆದ ಪೈಪು. ಅದರ ನಡುವೆ ಸುಮಾರು ನಾಲ್ಕು ಅಡಿ ಉದ್ದದ ಆರು ಮೋಟು ತುಂಡುಗಳನ್ನು ಒಂದಕ್ಕೊಂದು ಜೋಡಿಸಲಾಗಿತ್ತು. ಅವುಗಳಲ್ಲಿ ಕೆಲವದರ ಉದ್ದ ಬೆಸುಗೆಯನ್ನು ಹೊರಗಿನಿಂದ ಮಾತ್ರ ಹಾಕಿ, ಒಳಗಿನಿಂದ ಹಾಕದೆ ಬಿಡಲಾಗಿತ್ತು. ಹೀಗಾಗಿ ಪೈಪಿನ ಗೋಡೆಯ ದಪ್ಪದಲ್ಲಿ ಒಂದಷ್ಟು ಭಾಗ ಮಾತ್ರ ಕೂಡಿಕೊಂಡಿತ್ತು, ಉಳಿದದ್ದು ಬಾಯಿಬಿಟ್ಟ ಸೀಳಿನಂತೆಯೇ ಇತ್ತು. ಈ ತುಂಡುಗಳನ್ನು ಯಾವ ಕಾರ್ಖಾನೆ ತಯಾರಿಸಿತು ಎಂಬುದನ್ನು ಪತ್ತೆಹಚ್ಚಲು ತನಿಖೆಗೆ ಸಾಧ್ಯವಾಗಲಿಲ್ಲ. 1956ರ ರೂಢಿಯ ಮಾನದಂಡಗಳಿಂದ ಅಳೆದರೂ ಅವು ನೆಲಕ್ಕೆ ಇಳಿಯಬೇಕಾದ ತುಂಡುಗಳಲ್ಲ. ಒಳಗೆ ಇಣುಕಿ ನೋಡಿದ್ದರೆ ಬರಿಗಣ್ಣಿಗೇ ಕಾಣುತ್ತಿದ್ದ ದೋಷವದು.

'ಸೀಮ್‌ಲೆಸ್' ಎಂಬ ಪದ ದಾಖಲೆಗೆ ಹೇಗೆ ಸೇರಿತು ಎಂಬುದು ಇನ್ನೂ ವಿಚಿತ್ರವಾಗಿದೆ. ಕಂಪನಿಯು ತನ್ನ ಪೈಪುಗಳ ವಿವರಗಳನ್ನು ಕಂಪ್ಯೂಟರಿನ ಭೂಪಟ ವ್ಯವಸ್ಥೆಗೆ ತುಂಬಿದಾಗ ಈ ಭಾಗದ ಮಾಹಿತಿಯನ್ನು ಲೆಕ್ಕಪತ್ರ ವಿಭಾಗದ ಒಂದು ಜರ್ನಲ್ ವೋಚರಿನಿಂದ ಎತ್ತಿಕೊಂಡಿತ್ತು. ಸಾಮಗ್ರಿಯ ವೆಚ್ಚವನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ವರ್ಗಾಯಿಸಲು ಬರೆದ ಚೀಟಿಯೊಂದು ಅರ್ಧ ಶತಮಾನದ ನಂತರ ಎಂಜಿನಿಯರಿಂಗ್ ಸತ್ಯವಾಗಿ ಬಡ್ತಿ ಪಡೆದಿತ್ತು. 1956ರಲ್ಲಿ 30 ಅಂಗುಲ ವ್ಯಾಸದ ಸೀಮ್‌ಲೆಸ್ ಪೈಪನ್ನು ಮಾನದಂಡಕ್ಕೆ ತಕ್ಕಂತೆ ತಯಾರಿಸುವ ಕಾರ್ಖಾನೆಯೇ ಅಮೆರಿಕದಲ್ಲಿ ಇರಲಿಲ್ಲ. ಅಂದರೆ ದಾಖಲೆಯ ಆ ಸಾಲು ತಪ್ಪಿರಬಹುದು ಎಂಬುದಕ್ಕಿಂತ ಹೆಚ್ಚಾಗಿ, ಅದು ನಿಜವಾಗಿರಲು ಸಾಧ್ಯವೇ ಇರಲಿಲ್ಲ. ಪೈಪುಗಳ ಚರಿತ್ರೆ ಬಲ್ಲ ಯಾರಾದರೂ ಒಮ್ಮೆ ಓದಿದ್ದರೆ ಅಲ್ಲಿಯೇ ನಿಂತು ಪ್ರಶ್ನೆ ಮಾಡುತ್ತಿದ್ದರು. ಆ ಸಾಲನ್ನು ಹಾಗೆ ಅನುಮಾನದಿಂದ ಓದುವುದು ಕಂಪನಿಯಲ್ಲಿಯೂ, ಕಂಪನಿಯನ್ನು ಪರಿಶೀಲಿಸಬೇಕಾದ ಇಲಾಖೆಯಲ್ಲಿಯೂ ಯಾರ ಕೆಲಸವೂ ಆಗಿರಲಿಲ್ಲ.

ಇಲ್ಲಿ ನಿಯಂತ್ರಣ ವ್ಯವಸ್ಥೆಯ ಸ್ವರೂಪವನ್ನು ಸಂಕ್ಷಿಪ್ತವಾಗಿ ಹೇಳಬೇಕು. ಅಮೆರಿಕದ ಸಂಸತ್ತು ನೈಸರ್ಗಿಕ ಅನಿಲ ಪೈಪ್‌ಲೈನ್ ಸುರಕ್ಷತಾ ಕಾಯ್ದೆಯನ್ನು 1968ರಲ್ಲಿ ಅಂಗೀಕರಿಸಿತು; ಅದರಡಿಯ ಕನಿಷ್ಠ ಸುರಕ್ಷತಾ ನಿಯಮಗಳು 1970ರಲ್ಲಿ ಬಂದವು. ಇವುಗಳ ಜಾರಿ ಈಗ ಸಾರಿಗೆ ಇಲಾಖೆಯೊಳಗಿನ ಪೈಪ್‌ಲೈನ್ ಮತ್ತು ಅಪಾಯಕಾರಿ ಸಾಮಗ್ರಿ ಸುರಕ್ಷತಾ ಆಡಳಿತದ ಹೊಣೆ. 2004ರ ಕಾಯ್ದೆಯಿಂದ ರೂಪುಗೊಂಡ ಈ ಸಂಸ್ಥೆಯ ಒಂದು ವಿಭಾಗ ಪೈಪ್‌ಲೈನ್‌ಗಳನ್ನು ನೋಡಿಕೊಂಡರೆ, ಇನ್ನೊಂದು ವಿಭಾಗ ರಸ್ತೆ, ರೈಲು, ವಿಮಾನ ಮತ್ತು ಹಡಗುಗಳಲ್ಲಿ ಸಾಗುವ ಅಪಾಯಕಾರಿ ವಸ್ತುಗಳನ್ನು ನೋಡಿಕೊಳ್ಳುತ್ತದೆ. ಒಂದೇ ರಾಜ್ಯದ ಗಡಿಯೊಳಗೆ ಇರುವ ಪೈಪ್‌ಲೈನ್‌ಗಳ ತಪಾಸಣೆಯನ್ನು ಮಾತ್ರ ಪ್ರಮಾಣೀಕರಣದ ಮೂಲಕ ರಾಜ್ಯದ ಸಂಸ್ಥೆಗಳಿಗೆ ವಹಿಸಿಕೊಡಲಾಗುತ್ತದೆ. ಲೈನ್ 132 ಪೂರ್ತಿಯಾಗಿ ಕ್ಯಾಲಿಫೋರ್ನಿಯಾದೊಳಗೇ ಇದ್ದುದರಿಂದ ಅದು ಆ ರಾಜ್ಯದ ಸಾರ್ವಜನಿಕ ಉಪಯುಕ್ತತಾ ಆಯೋಗದ ವ್ಯಾಪ್ತಿಗೆ ಬರುತ್ತಿತ್ತು. ಗ್ರಾಹಕರು ಅನಿಲಕ್ಕೆ ಎಷ್ಟು ದರ ಕೊಡಬೇಕು ಎಂದು ನಿಗದಿ ಮಾಡುವುದೂ ಅದೇ ಆಯೋಗ. ಅಪಘಾತಗಳ ಕಾರಣ ಹುಡುಕುವ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಇವೆರಡರಿಂದಲೂ ಬೇರೆಯಾದ ಸ್ವತಂತ್ರ ಸಂಸ್ಥೆ. ಅದು ಶಿಫಾರಸು ಮಾಡಬಲ್ಲುದೇ ಹೊರತು ನಿಯಮ ಮಾಡಲಾರದು, ದಂಡ ಹಾಕಲಾರದು.

ಈಗ 400ರ ವಿಷಯಕ್ಕೆ ಬರೋಣ. ಪೈಪಿನಲ್ಲಿ ನೀರು ತುಂಬಿಸಿ, ದಿನನಿತ್ಯದ ಒತ್ತಡಕ್ಕಿಂತ ಸಾಕಷ್ಟು ಹೆಚ್ಚಿನ ಒತ್ತಡಕ್ಕೆ ಏರಿಸಿ ನೋಡುವುದು ಪೈಪಿನ ಗಟ್ಟಿತನವನ್ನು ಅಳೆಯುವ ನಂಬಲರ್ಹ ವಿಧಾನ. ಬೆಸುಗೆಯಲ್ಲಿ ದೊಡ್ಡ ದೋಷವಿದ್ದರೆ ಅದು ಅನಿಲವಿಲ್ಲದಾಗಲೇ, ನೀರಿನಲ್ಲಿಯೇ ಒಡೆದು ತಿಳಿಯುತ್ತದೆ. 1955ರ ಉದ್ಯಮ ಮಾನದಂಡ ಇಂಥ ಪರೀಕ್ಷೆಯನ್ನು ಹೇಳಿತ್ತಾದರೂ ಅದಕ್ಕೆ ಕಾನೂನಿನ ಬಲ ಇರಲಿಲ್ಲ. ಕ್ಯಾಲಿಫೋರ್ನಿಯಾ 1961ರಲ್ಲಿ ಇದನ್ನು ಕಡ್ಡಾಯಗೊಳಿಸಿತು, ಆದರೆ ಹೊಸ ಪೈಪುಗಳಿಗೆ ಮಾತ್ರ. 1970ರ ಒಕ್ಕೂಟ ನಿಯಮವೂ ಅದೇ ದಾರಿ ಹಿಡಿಯಿತು: ಅದಾಗಲೇ ನೆಲದಲ್ಲಿದ್ದ ಪೈಪುಗಳನ್ನು ಪರೀಕ್ಷೆಗೆ ಒಡ್ಡಬೇಕಿಲ್ಲ, 1970ರ ಜುಲೈ 1ಕ್ಕೆ ಹಿಂದಿನ ಐದು ವರ್ಷಗಳಲ್ಲಿ ಅವು ತಾಳಿಕೊಂಡಿದ್ದ ಅತಿ ಹೆಚ್ಚಿನ ಒತ್ತಡವನ್ನೇ ಗರಿಷ್ಠ ಮಿತಿಯೆಂದು ಇಟ್ಟುಕೊಂಡು ನಡೆಸಬಹುದು. ಲೈನ್ 132 ಈ ವಿನಾಯಿತಿಯ ಫಲಾನುಭವಿ. 1968ರಲ್ಲಿ ಅದರಲ್ಲಿ ದಾಖಲಾಗಿದ್ದ 400 ಪೌಂಡ್ ಒತ್ತಡವೇ ನಂತರದ ನಾಲ್ಕು ದಶಕಗಳ ಕಾನೂನುಬದ್ಧ ಮಿತಿಯಾಯಿತು.

ಈ ವಿನಾಯಿತಿಯ ಹಿಂದೆ ಒಂದು ತರ್ಕವಿತ್ತು ಎಂಬುದನ್ನು ಒಪ್ಪಬೇಕು. ದೇಶದಾದ್ಯಂತ ಹರಡಿಕೊಂಡಿದ್ದ ಹಳೆಯ ಮಾರ್ಗಗಳನ್ನು ಒಂದೊಂದಾಗಿ ಬರಿದು ಮಾಡಿ, ನೀರು ತುಂಬಿ, ಪರೀಕ್ಷಿಸಿ, ಒಣಗಿಸಿ ಮತ್ತೆ ಅನಿಲ ಹರಿಸುವುದು ದುಬಾರಿಯೂ ಅಡಚಣೆಯದೂ ಆದ ಕೆಲಸ. ಇಷ್ಟು ವರ್ಷ ಒಡೆಯದ ಪೈಪು ಇನ್ನು ಮುಂದೆಯೂ ಒಡೆಯಲಿಕ್ಕಿಲ್ಲ ಎಂಬ ಊಹೆ ಆ ಸಂದರ್ಭದಲ್ಲಿ ಅನುಕೂಲಕರವಾಗಿತ್ತು. ಆದರೆ ಒಂದು ಒತ್ತಡದಲ್ಲಿ ನಡೆದದ್ದು ಮತ್ತು ಆ ಒತ್ತಡದಲ್ಲಿ ಸುರಕ್ಷಿತವಾಗಿದ್ದದ್ದು ಒಂದೇ ಅಲ್ಲ. ಮೊದಲನೆಯದು ಅನುಭವ, ಎರಡನೆಯದು ಅಂತರ. ಪರೀಕ್ಷೆಗೊಳಗಾದ ಪೈಪಿಗೆ ತನ್ನ ದಿನನಿತ್ಯದ ಒತ್ತಡಕ್ಕೂ ಒಡೆಯುವ ಒತ್ತಡಕ್ಕೂ ನಡುವೆ ಎಷ್ಟು ಜಾಗವಿದೆ ಎಂಬುದರ ಪುರಾವೆ ಇರುತ್ತದೆ. ವಿನಾಯಿತಿ ಪಡೆದ ಪೈಪಿಗೆ ಅದು ಇರುವುದಿಲ್ಲ. ಸ್ಯಾನ್ ಬ್ರೂನೊದ ಅರೆಬೆಸುಗೆಯಲ್ಲಿ ಬಿರುಕು ಒತ್ತಡದ ಏರಿಳಿತಗಳೊಂದಿಗೆ ವರ್ಷಗಟ್ಟಲೆ ನಿಧಾನವಾಗಿ ಬೆಳೆಯುತ್ತ ಬಂದಿತ್ತು ಎಂದು ಪ್ರಯೋಗಾಲಯದ ಪರಿಶೀಲನೆ ತೋರಿಸಿತು. ಅಂದರೆ ಆ ಅಂತರ ವರ್ಷದಿಂದ ವರ್ಷಕ್ಕೆ ಕುಗ್ಗುತ್ತಲೇ ಇತ್ತು, ಕಾನೂನಿನ ಅಂಕಿ ಮಾತ್ರ ಇದ್ದಲ್ಲಿಯೇ ಇತ್ತು.

2002ರ ಕಾಯ್ದೆ ಮತ್ತು 2003ರ ನಿಯಮಗಳು ಈ ಕೊರತೆಯನ್ನು ತುಂಬಬೇಕಿತ್ತು. ಜನವಸತಿ ಹೆಚ್ಚಿರುವ ಕಡೆ ಹಾದುಹೋಗುವ ಪ್ರತಿ ಭಾಗದ ಅಪಾಯಗಳನ್ನು ಕಂಪನಿಯೇ ಗುರುತಿಸಿ, ಆಯಾ ಅಪಾಯಕ್ಕೆ ತಕ್ಕ ತಪಾಸಣಾ ವಿಧಾನವನ್ನು ಆರಿಸಿಕೊಳ್ಳಬೇಕು ಎಂಬುದು ಆ ನಿಯಮಗಳ ಸಾರ. ಮೇಲ್ನೋಟಕ್ಕೆ ಇದು ಹಳೆಯ ಪಟ್ಟಿಪಾಲನೆಗಿಂತ ವಿವೇಕದ ವಿಧಾನ. ಆದರೆ ಅಪಾಯವನ್ನು ಗುರುತಿಸುವ ಆಧಾರ ದಾಖಲೆ. ದಾಖಲೆ ಸೀಮ್‌ಲೆಸ್ ಎಂದಮೇಲೆ ಬೆಸುಗೆಯ ಅಪಾಯ ಪಟ್ಟಿಗೆ ಬರುವ ಪ್ರಶ್ನೆಯೇ ಇಲ್ಲ. ಹಾಗಾಗಿ ಕಂಪನಿ ಹೊರಮೈ ತುಕ್ಕನ್ನು ಹುಡುಕುವ ವಿಧಾನವನ್ನು ಆರಿಸಿಕೊಂಡಿತು. ನೆಲದ ಮೇಲಿನಿಂದ ವಿದ್ಯುತ್ ಅಳತೆ ಮಾಡಿ, ಅನುಮಾನ ಬಂದ ಕಡೆ ಅಗೆದು ನೋಡುವ ಆ ವಿಧಾನಕ್ಕೆ ಪೈಪಿನ ಒಳಗಿನ ಅಪೂರ್ಣ ಬೆಸುಗೆ ಎಂದಿಗೂ ಕಾಣುವಂಥದ್ದಲ್ಲ. ಇದೇ ಲೈನ್ 132ರಲ್ಲಿ, ಸ್ಫೋಟದ ಜಾಗದಿಂದ ಸುಮಾರು 9 ಮೈಲಿ ದೂರದಲ್ಲಿ, 1988ರಲ್ಲಿ ಉದ್ದ ಬೆಸುಗೆಯಿಂದಲೇ ಅನಿಲ ಸೋರಿ ದುರಸ್ತಿಯಾಗಿತ್ತು. ಆ ಸಂಗತಿ ಅಪಾಯದ ಲೆಕ್ಕಾಚಾರದಲ್ಲಿ ಎಲ್ಲಿಯೂ ಬಳಕೆಯಾಗಿರಲಿಲ್ಲ.

ನಿಯಮದ ಅಕ್ಷರವನ್ನು ಕಾಪಾಡಿಕೊಂಡು ಅದರ ಉದ್ದೇಶವನ್ನು ತಲೆಕೆಳಗು ಮಾಡುವುದು ಹೇಗೆ ಎಂಬುದಕ್ಕೆ ಇದಕ್ಕಿಂತ ತೀಕ್ಷ್ಣವಾದ ಉದಾಹರಣೆ ಇನ್ನೊಂದಿದೆ. ತಯಾರಿಕೆಯಲ್ಲಿ ಉಳಿದ ದೋಷಗಳು ಒತ್ತಡ ಹಿಂದಿನ ಐದು ವರ್ಷಗಳ ಗರಿಷ್ಠವನ್ನು ಮೀರದಿರುವವರೆಗೆ ಸ್ಥಿರವಾಗಿರುತ್ತವೆ ಎಂದು 2003ರ ನಿಯಮ ಭಾವಿಸಿತ್ತು. ಮೀರಿದರೆ ಆ ಭಾಗವನ್ನು ಅಪಾಯಕಾರಿ ಎಂದು ಪರಿಗಣಿಸಿ ಪರೀಕ್ಷಿಸಬೇಕಿತ್ತು. ಇದರ ಆಶಯ ಒತ್ತಡವನ್ನು ಏರಿಸಬೇಡಿ ಎಂಬುದು. ಕಂಪನಿ ತೆಗೆದುಕೊಂಡ ಅರ್ಥ ಬೇರೆ: 2003ರ ಡಿಸೆಂಬರ್‌ನಲ್ಲಿ ಒಮ್ಮೆ, ಸರಿಯಾಗಿ ಐದು ವರ್ಷಗಳ ನಂತರ 2008ರ ಡಿಸೆಂಬರ್‌ನಲ್ಲಿ ಮತ್ತೊಮ್ಮೆ, ಈ ಮಾರ್ಗದ ಒತ್ತಡವನ್ನು ಬೇಕೆಂದೇ 400ರ ಮಟ್ಟಕ್ಕೆ ಏರಿಸಿ ಇಳಿಸಲಾಯಿತು. ಮಿತಿಯನ್ನು ಬಳಸದೆ ಬಿಟ್ಟರೆ ಅದನ್ನು ಕಳೆದುಕೊಳ್ಳಬೇಕಾಗುತ್ತದೆ ಎಂಬ ಲೆಕ್ಕಾಚಾರ ಅದು. ದೋಷವಿದೆಯೋ ಇಲ್ಲವೋ ಎಂದು ನೋಡುವ ಪರೀಕ್ಷೆಯನ್ನು ತಪ್ಪಿಸಿಕೊಳ್ಳಲು, ದೋಷವಿದ್ದರೆ ಅದನ್ನು ಹಿಗ್ಗಿಸಬಲ್ಲ ಕ್ರಿಯೆಯನ್ನೇ ಮಾಡಲಾಯಿತು. ಕಂಪನಿಯ ಜಾಣತನದ ಜೊತೆಗೆ, ಇಂಥ ಜಾಣತನಕ್ಕೆ ಪ್ರತಿಫಲ ಕೊಡುವಂತೆ ಬರೆದ ನಿಯಮವೂ ಇಲ್ಲಿ ಹೊಣೆ ಹೊರಬೇಕು ಎಂಬುದು ನನ್ನ ಅಭಿಪ್ರಾಯ.

ಸೆಪ್ಟೆಂಬರ್ 9ರ ಮಧ್ಯಾಹ್ನ ಮಿಲ್ಪಿಟಾಸ್ ಟರ್ಮಿನಲ್‌ನಲ್ಲಿ ನಡೆದಿದ್ದು ಸಾಮಾನ್ಯ ವಿದ್ಯುತ್ ಕೆಲಸ. ವಿದ್ಯುತ್ ಕಡಿತವಾದಾಗಲೂ ಉಪಕರಣಗಳನ್ನು ನಡೆಸುವ ಯುಪಿಎಸ್ ಬದಲಿಸುವಾಗ ಕೆಲವು ಉಪಕರಣಗಳಿಗೆ ವಿದ್ಯುತ್ ತಪ್ಪಿ, ಒತ್ತಡ ಹತೋಟಿಯಲ್ಲಿಡುವ ವಾಲ್ವ್‌ಗಳು ಪೂರ್ತಿ ತೆರೆದುಕೊಂಡವು. ಮೇಲಿನ ಮಿತಿಯನ್ನು ಕಾಯುವ ಎರಡನೆಯ ಸಾಲಿನ ವಾಲ್ವ್‌ಗಳು ತಮ್ಮ ಕೆಲಸ ಮಾಡಿದ್ದರಿಂದಲೇ ಒತ್ತಡ 400ರ ಒಳಗೆ ನಿಂತಿತು. ಹತ್ತಿರದಲ್ಲಿ 2008ರಲ್ಲಿ ನಡೆದಿದ್ದ ಒಳಚರಂಡಿ ಕೊಳವೆಯ ಕಾಮಗಾರಿಯ ಮೇಲೂ ಅನುಮಾನ ಬಂದಿತ್ತು. ತನಿಖೆ ಅದನ್ನು ಕಾರಣವೆಂದು ಒಪ್ಪಲಿಲ್ಲ.

ಒಡೆದ ಮೇಲಿನ 95 ನಿಮಿಷಗಳು ಇನ್ನೊಂದು ಅಧ್ಯಾಯ. ಸ್ಫೋಟದ ಜಾಗದ ಹಿಂದಿನ ಮತ್ತು ಮುಂದಿನ ವಾಲ್ವ್‌ಗಳು ಎರಡೂ ಒಂದು ಮೈಲಿಯೊಳಗೇ ಇದ್ದವು, ಆದರೆ ಕೈಯಿಂದ ತಿರುಗಿಸಬೇಕಾದವು. ನಿಯಂತ್ರಣ ಕೊಠಡಿಯ ಪರದೆಗಳಲ್ಲಿ ಒತ್ತಡ ಕುಸಿದದ್ದು ಕೆಲವೇ ನಿಮಿಷಗಳಲ್ಲಿ ಕಾಣಿಸಿತು. ಅಲ್ಲಿದ್ದವರು ಹಲವರು ಹಲವು ಕಡೆ ಫೋನಿನಲ್ಲಿ ಮಾತಾಡುತ್ತಿದ್ದರು, ಇಡೀ ಘಟನೆಗೆ ಒಬ್ಬರು ಹೊಣೆಗಾರರು ಎಂಬ ವ್ಯವಸ್ಥೆ ಇರಲಿಲ್ಲ. ಸ್ಥಳಕ್ಕೆ ಹೋಗಿ ನೋಡಿ ಬರಲು ಕಳಿಸಿದ ಸಿಬ್ಬಂದಿಗೆ ಮುಖ್ಯ ಮಾರ್ಗದ ವಾಲ್ವ್ ಮುಚ್ಚುವ ತರಬೇತಿ ಇರಲಿಲ್ಲ. ಕೊನೆಗೆ ವಾಲ್ವ್‌ಗಳನ್ನು ಮುಚ್ಚಿದ್ದು, ವಿಷಯ ತಿಳಿದು ಯಾರೂ ಹೇಳುವ ಮೊದಲೇ ತಾವಾಗಿ ಹೊರಟು ಬಂದ ಮೆಕ್ಯಾನಿಕ್‌ಗಳು. ಅಷ್ಟರಲ್ಲಿ 4 ಕೋಟಿ 76 ಲಕ್ಷ ಘನ ಅಡಿ ಅನಿಲ ಹೊರಬಂದಿತ್ತು. ಸ್ಫೋಟದಿಂದ ನೀರಿನ ಮುಖ್ಯ ಕೊಳವೆಯೂ ಒಡೆದು ಹತ್ತಿರದ ಹೈಡ್ರಂಟ್‌ಗಳು ಒಣಗಿದ್ದವು. ನೀರಿದ್ದರೂ, ಅನಿಲ ಹರಿಯುತ್ತಿರುವವರೆಗೆ ಆ ಬೆಂಕಿಯನ್ನು ಆರಿಸುವುದು ಸಾಧ್ಯವಿರಲಿಲ್ಲ. ದೂರದಿಂದ ಅಥವಾ ತಾನಾಗಿಯೇ ಮುಚ್ಚುವ ವಾಲ್ವ್‌ಗಳ ಚರ್ಚೆ ಆಗ ಹೊಸದೇನಲ್ಲ. 1994ರಲ್ಲಿ ನ್ಯೂ ಜೆರ್ಸಿಯ ಎಡಿಸನ್‌ನಲ್ಲಿ 36 ಅಂಗುಲದ ಅನಿಲ ಮಾರ್ಗ ಒಡೆದಾಗ ವಾಲ್ವ್ ಮುಚ್ಚಲು ಸುಮಾರು ಎರಡೂವರೆ ಗಂಟೆ ಹಿಡಿದಿತ್ತು. ಅಂಥ ವಾಲ್ವ್‌ಗಳ ಅಗತ್ಯವನ್ನು ಸುರಕ್ಷತಾ ಮಂಡಳಿ ಆಗಲೇ ಹೇಳಿತ್ತು.

ಮಂಡಳಿ ತನ್ನ ವರದಿಯನ್ನು 2011ರ ಆಗಸ್ಟ್ 30ರಂದು ಅಂಗೀಕರಿಸಿತು. 1956ರಲ್ಲಿ ಗುಣಮಟ್ಟದ ಪರಿಶೀಲನೆ ಸಾಲದಾದದ್ದು ಮತ್ತು ನಂತರದ ವರ್ಷಗಳಲ್ಲಿ ದೋಷವನ್ನು ಪತ್ತೆಹಚ್ಚಿ ತೆಗೆಯಲಾರದ ಕಂಪನಿಯ ನಿರ್ವಹಣಾ ಕಾರ್ಯಕ್ರಮ, ಇವೆರಡನ್ನು ಅದು ಸಂಭಾವ್ಯ ಕಾರಣವೆಂದು ಹೇಳಿತು. ಗಮನಿಸಬೇಕಾದದ್ದು ಅದರ ಮುಂದಿನ ಸಾಲುಗಳು. ಹಳೆಯ ಪೈಪುಗಳಿಗೆ ಒತ್ತಡ ಪರೀಕ್ಷೆಯಿಂದ ವಿನಾಯಿತಿ ಕೊಟ್ಟ ರಾಜ್ಯ ಆಯೋಗ ಮತ್ತು ಒಕ್ಕೂಟ ಸಾರಿಗೆ ಇಲಾಖೆ, ಹಾಗೂ ಕಂಪನಿಯ ಕಾರ್ಯಕ್ರಮದ ಕೊರತೆಗಳನ್ನು ಕಾಣದೆ ಹೋದ ಆಯೋಗ, ಅಪಘಾತಕ್ಕೆ ಪೂರಕ ಕಾರಣರು ಎಂದು ಅದು ಹೆಸರು ಹಿಡಿದು ಬರೆಯಿತು. ತಪಾಸಕರು ಕಂಪನಿಯ ಕಾರ್ಯಕ್ರಮದ ಬರಹವನ್ನು ಪರಿಶೀಲಿಸಿದ್ದರು, ಕಾರ್ಯಕ್ರಮ ನೆಲದಲ್ಲಿರುವ ಪೈಪಿಗೆ ಹೊಂದುತ್ತದೆಯೇ ಎಂದು ಪರಿಶೀಲಿಸಿರಲಿಲ್ಲ. ಕಂಪನಿಗಳ ಕಾರ್ಯಕ್ರಮ ನಿಜಕ್ಕೂ ಫಲ ಕೊಡುತ್ತಿದೆಯೇ ಎಂದು ಅಳೆಯಲು ಒಕ್ಕೂಟ ಆಡಳಿತಕ್ಕೆ ಸರಿಯಾದ ಮಾಪನವೇ ಇಲ್ಲ ಎಂಬ ಟೀಕೆಯೂ ವರದಿಯಲ್ಲಿದೆ.

ವರದಿಗೂ ಮುಂಚೆ, 2011ರ ಜನವರಿ 3ರಂದು, ಮಂಡಳಿ ತುರ್ತು ಶಿಫಾರಸೊಂದನ್ನು ಹೊರಡಿಸಿತ್ತು. ಗರಿಷ್ಠ ಒತ್ತಡದ ಆಧಾರವಾಗಿ ಮೂಲ ಗೊತ್ತಿರುವ, ಪರಿಶೀಲಿಸಬಲ್ಲ ಮತ್ತು ಪೂರ್ಣವಾದ ದಾಖಲೆಗಳು ಇರಬೇಕು, ಇಲ್ಲದಿದ್ದರೆ ಪೈಪನ್ನು ಪರೀಕ್ಷಿಸಬೇಕು ಎಂಬುದು ಅದರ ತಿರುಳು. ಆಮೇಲೆ ನಡೆದದ್ದು ಓದಿದರೆ ನಗು ಬರುವಂಥದ್ದು, ಹಿನ್ನೆಲೆ ನೆನಪಾದರೆ ನಗು ನಿಲ್ಲುವಂಥದ್ದು: ಕಂಪನಿ ತನ್ನ ಹಳೆಯ ಕಾಗದಗಳ ಪೆಟ್ಟಿಗೆಗಳನ್ನು ಕೌ ಪ್ಯಾಲೆಸ್ ಎಂಬ ದೊಡ್ಡ ಒಳಾಂಗಣಕ್ಕೆ ತಂದು ಸುರಿದು, ಜನರನ್ನು ಕೂರಿಸಿ ತನ್ನ ಪೈಪುಗಳು ಯಾವುವು ಎಂದು ಹುಡುಕಿಸಿತು. 2011ರ ಜೂನ್‌ನಲ್ಲಿ ರಾಜ್ಯ ಆಯೋಗ ತನ್ನ ವ್ಯಾಪ್ತಿಯಲ್ಲಿ ವಿನಾಯಿತಿಯನ್ನು ಕೊನೆಗೊಳಿಸಿ, ಪರೀಕ್ಷೆಯಾಗದ ಎಲ್ಲ ಮುಖ್ಯ ಮಾರ್ಗಗಳನ್ನು ಪರೀಕ್ಷಿಸಿ ಇಲ್ಲವೇ ಬದಲಿಸಿ ಎಂದು ಆದೇಶಿಸಿತು.

ಶಿಕ್ಷೆಯ ಭಾಗವನ್ನು ಅಂಕಿಗಳೇ ಹೇಳುತ್ತವೆ. 2015ರ ಏಪ್ರಿಲ್‌ನಲ್ಲಿ ರಾಜ್ಯ ಆಯೋಗ ಕಂಪನಿಗೆ 160 ಕೋಟಿ ಡಾಲರ್ ದಂಡ ಹಾಕಿತು. ಅದರಲ್ಲಿ 85 ಕೋಟಿಯನ್ನು ಷೇರುದಾರರ ಹಣದಿಂದ ಪೈಪ್‌ಲೈನ್ ಸುರಕ್ಷತೆಗೆ ತೊಡಗಿಸಬೇಕಿತ್ತು, 30 ಕೋಟಿ ರಾಜ್ಯದ ಬೊಕ್ಕಸಕ್ಕೆ, 40 ಕೋಟಿ ಗ್ರಾಹಕರ ಬಿಲ್ಲಿನಲ್ಲಿ ರಿಯಾಯಿತಿಯಾಗಿ. 2016ರ ಆಗಸ್ಟ್‌ನಲ್ಲಿ ಒಕ್ಕೂಟ ನ್ಯಾಯಾಲಯದ ಜ್ಯೂರಿ ಆರು ಆರೋಪಗಳಲ್ಲಿ ಕಂಪನಿಯನ್ನು ತಪ್ಪಿತಸ್ಥ ಎಂದಿತು. ಐದು ಪೈಪ್‌ಲೈನ್ ಸುರಕ್ಷತಾ ಕಾನೂನಿನ ಉಲ್ಲಂಘನೆಗಳು, ಒಂದು ಸುರಕ್ಷತಾ ಮಂಡಳಿಯ ತನಿಖೆಗೆ ಅಡ್ಡಿಪಡಿಸಿದ್ದು. ಪ್ರಾಸಿಕ್ಯೂಷನ್ ಮೊದಲು ಕೇಳಿದ್ದ 56 ಕೋಟಿ ಡಾಲರ್ ಮೀರಿದ ದಂಡದ ಬೇಡಿಕೆಯನ್ನು ವಿಚಾರಣೆಯ ಕೊನೆಯ ಹಂತದಲ್ಲಿ ಕೈಬಿಟ್ಟಿದ್ದರಿಂದ, 2017ರ ಜನವರಿಯಲ್ಲಿ ವಿಧಿಸಿದ ಕ್ರಿಮಿನಲ್ ದಂಡ ಕೇವಲ 30 ಲಕ್ಷ ಡಾಲರ್. ಜೊತೆಗೆ ಐದು ವರ್ಷಗಳ ಪರಿವೀಕ್ಷಣೆ ಮತ್ತು 10,000 ಗಂಟೆಗಳ ಸಮುದಾಯ ಸೇವೆ. ಆಯೋಗದ ಮೇಲಧಿಕಾರಿಗಳಿಗೂ ಕಂಪನಿಗೂ ನಡುವೆ ಹರಿದಾಡಿದ್ದ ಇಮೇಲ್‌ಗಳು 2014ರಲ್ಲಿ ಹೊರಬಿದ್ದಾಗ, ನಿಯಂತ್ರಕರು ಮತ್ತು ನಿಯಂತ್ರಿತರು ಎಷ್ಟು ಸಲಿಗೆಯಿಂದಿದ್ದರು ಎಂಬುದು ಸಾರ್ವಜನಿಕರಿಗೂ ತಿಳಿಯಿತು.

ದೇಶದ ಮಟ್ಟದಲ್ಲಿ ನಿಯಮ ಬದಲಾದ ವೇಗವನ್ನು ಮಾತ್ರ ಪ್ರತ್ಯೇಕವಾಗಿ ನೋಡಬೇಕು. 2012ರ ಜನವರಿ 3ರಂದು ಸಹಿಯಾದ ಕಾಯ್ದೆ ಒಂದು ಉಲ್ಲಂಘನೆಗೆ ದಿನಕ್ಕೆ 2 ಲಕ್ಷ ಡಾಲರ್, ಒಟ್ಟು ಸರಣಿಗೆ ಗರಿಷ್ಠ 20 ಲಕ್ಷ ಡಾಲರ್ ಎಂದು ಸಿವಿಲ್ ದಂಡವನ್ನು ಇಮ್ಮಡಿಗೊಳಿಸಿತು, ಮತ್ತು ಒತ್ತಡದ ದಾಖಲೆಗಳನ್ನು ಪರಿಶೀಲಿಸುವಂತೆ ಕಂಪನಿಗಳಿಗೆ ಹೇಳಿತು. ಆ ಕಾಯ್ದೆಯನ್ನು ವಿವರವಾದ ನಿಯಮವನ್ನಾಗಿ ಮಾಡಲು ಆಡಳಿತಕ್ಕೆ 2019ರ ಅಕ್ಟೋಬರ್‌ವರೆಗೆ ಸಮಯ ಹಿಡಿಯಿತು. ಜನವಸತಿಯ ಪ್ರದೇಶಗಳಲ್ಲಿ, ನಿಗದಿತ ಮಟ್ಟಕ್ಕಿಂತ ಹೆಚ್ಚಿನ ಒತ್ತಡದಲ್ಲಿ ನಡೆಯುವ ವಿನಾಯಿತಿಯ ಪೈಪುಗಳು ತಮ್ಮ ಗರಿಷ್ಠ ಒತ್ತಡವನ್ನು ಪರೀಕ್ಷೆಯಿಂದ ಅಥವಾ ಬೇರೆ ಒಪ್ಪಿತ ವಿಧಾನದಿಂದ ಮತ್ತೆ ರುಜುವಾತು ಮಾಡಬೇಕೆಂದು ಅದು ಹೇಳುತ್ತದೆ. ಅರ್ಧದಷ್ಟು ಕೆಲಸಕ್ಕೆ 2028ರ ಗಡುವು, ಪೂರ್ತಿ ಕೆಲಸಕ್ಕೆ 2035ರ ಗಡುವು. 1970ರಲ್ಲಿ ಕೊಟ್ಟ ವಿನಾಯಿತಿ ಮುಗಿಯುವುದಕ್ಕೆ 65 ವರ್ಷ.

ವಾಲ್ವ್‌ಗಳ ನಿಯಮ ಬಂದದ್ದು ಇನ್ನೂ ತಡವಾಗಿ, 2022ರ ಏಪ್ರಿಲ್‌ನಲ್ಲಿ. 6 ಅಂಗುಲ ಮತ್ತು ಅದಕ್ಕಿಂತ ದೊಡ್ಡ ವ್ಯಾಸದ ಹೊಸ ಮಾರ್ಗಗಳಲ್ಲಿ, ಹಾಗೂ ಹಳೆಯ ಮಾರ್ಗಗಳ ದೊಡ್ಡ ಭಾಗಗಳನ್ನು ಬದಲಿಸಿದಾಗ, ಒಡೆತವನ್ನು ಗುರುತಿಸಿದ 30 ನಿಮಿಷಗಳೊಳಗೆ ಮುಚ್ಚಬಲ್ಲ ವಾಲ್ವ್‌ಗಳು ಇರಬೇಕೆಂದು ಅದು ವಿಧಿಸಿತು. ಗಡಿಯಾರ ಶುರುವಾಗುವುದು ಪೈಪು ಒಡೆದ ಕ್ಷಣದಿಂದಲ್ಲ, ಒಡೆದಿದೆ ಎಂದು ಕಂಪನಿ ಗುರುತಿಸಿದ ಕ್ಷಣದಿಂದ. 1956ರಲ್ಲಿ ಹೂತಿಟ್ಟ ಪೈಪೊಂದು ಎಲ್ಲಿಯಾದರೂ ಹಾಗೆಯೇ ಉಳಿದಿದ್ದರೆ, ಅದನ್ನು ಬದಲಿಸುವವರೆಗೆ ಈ ನಿಯಮ ಅದಕ್ಕೆ ಅನ್ವಯಿಸುವುದಿಲ್ಲ.